ಮೂಲೆಯ ಪೀಠಾಧಿಪತಿ

ಜಪಾನಿನ ‘ಇಜಾಕಾಯಾ’ ಎಂಬ ಹೆಸರು ‘ಇರುವುದು’ ಮತ್ತು ‘ಮದ್ಯದಂಗಡಿ’ ಎಂಬ ಎರಡು ಪದಗಳ ಕೂಡಿಕೆಯಾಗಿದ್ದು, ಎದೋ ಕಾಲದಲ್ಲಿ (1603–1868) ಸಾಕೆಯನ್ನು, ಅಂದರೆ ಅಕ್ಕಿಯನ್ನು ಹುದುಗಿಸಿ ಮಾಡಿದ ಮದ್ಯವನ್ನು, ಕೊಳ್ಳಲು ಬಂದವರು ಅದನ್ನು ಮನೆಗೊಯ್ಯುವ ಬದಲು ಅಂಗಡಿಯಲ್ಲೇ ಇದ್ದು ಕುಡಿಯತೊಡಗಿದ್ದರಿಂದ ಬಳಕೆಗೆ ಬಂದಿತು. ಆ ‘ಇರುವಿಕೆ’ಯನ್ನು ಇಂದಿಗೂ ಅಕ್ಷರಶಃ ಪಾಲಿಸುತ್ತಿರುವವನು ‘ಜೋರೆನ್’, ಎಂದರೆ ಖಾಯಂ ಗಿರಾಕಿ. ಟೋಕಿಯೋದ ಯಾವ ಗಲ್ಲಿಯಲ್ಲಾದರೂ ಕೆಂಪು ಕಾಗದದ ಲಾಂದ್ರ ತೂಗುಹಾಕಿದ, ಎಂಟು ಹತ್ತು ಜನ ಕುಳಿತರೆ ತುಂಬಿಹೋಗುವ ಅಂಗಡಿಯೊಂದಿದ್ದರೆ, ಅದರ ಕೌಂಟರಿನ ಕೊನೆಯ ಪೀಠ ಈತನದು. ಬಾಗಿಲಿಗೆ ಇಳಿಬಿಡುವ ‘ನೋರೆನ್’ ಎಂಬ ಸೀಳುಪರದೆಯೂ ಮೂಲೆಯ ಜೋರೆನ್ನನೂ ಕಾಣಿಸಿಕೊಂಡ ಮೇಲಷ್ಟೇ ಅಂಗಡಿ ತೆರೆದಿದೆಯೆಂದು ಗಲ್ಲಿಯವರು ನಂಬುತ್ತಾರೆ.

ಹೊಸಬರು ಕುಳಿತೊಡನೆ ‘ತೋರಿಯಾಎಜು ಬೀರು’, ಅಂದರೆ ‘ಸದ್ಯಕ್ಕೆ ಬಿಯರ್’ ಎನ್ನುವುದು ಅಲ್ಲಿಯ ವಾಡಿಕೆಯಾದರೆ, ಜೋರೆನ್ ಬಾಯಿ ತೆರೆಯುವುದೇ ಇಲ್ಲ. ಹೇಳದೆಯೇ ತನ್ನದು ತನ್ನೆದುರು ಬಂದು ಕೂರುವುದರಲ್ಲಿಯೇ ಆತನ ಘನತೆಯೆಲ್ಲ ಅಡಗಿದೆ. ಹಾಗೆಂದು ಆತ ಮೌನಿಯಲ್ಲ. ಯಾರೂ ಕೇಳದಿದ್ದರೂ ಮೊದಲಿಗೆ ಬಂದು, ಕೊನೆಗೆ ಬಿಲ್ಲಿನಲ್ಲಿ ಕೆಲವು ನೂರು ಯೆನ್‌ಗಳಾಗಿ ಕಾಣಿಸಿಕೊಳ್ಳುವ ‘ಒತೋಶಿ’ ಎಂಬ ಪುಟ್ಟ ಬಟ್ಟಲಿನ ತಿನಿಸನ್ನು ಕಂಡು ವಿದೇಶೀಯನೊಬ್ಬ ಗಾಬರಿಯಾದರೆ, ಅದು ಕೂತದ್ದಕ್ಕೆ ತೆರುವ ಬಾಡಿಗೆಯೆಂದು ವಿವರಿಸುವ ಹೊಣೆ ಈತನದೇ. ಅಷ್ಟೇ ಬಾಡಿಗೆಗೆ ತಾನು ನಾಲ್ಕು ತಾಸು ಕೂರುವ ಸಂಗತಿಯನ್ನು ಮಾತ್ರ ವಿವರಣೆಯಿಂದ ಕೈಬಿಡುತ್ತಾನೆ. ಕೋಳಿಮಾಂಸದ ಕಡ್ಡಿಗಳನ್ನು ಕೆಂಡದ ಮೇಲೆ ಹೊರಳಿಸುತ್ತಿರುವ ‘ತೈಶೋ’ಗೆ, ಅಂದರೆ ಅಂಗಡಿಯ ಯಜಮಾನನಿಗೆ, ಪಿತ್ತಜನಕಾಂಗಕ್ಕೆ ‘ತಾರೆ’ ಎಂಬ ಸಿಹಿ ಸೋಯಾ ರಸವೂ ಉಳಿದುದಕ್ಕೆ ಬರಿಯ ಉಪ್ಪೂ ತಕ್ಕುದೆಂದು ಈತ ಪ್ರತಿ ಸಂಜೆಯೂ ತಿಳಿಹೇಳುತ್ತಾನೆ, ಯಜಮಾನ ಪ್ರತಿ ಸಂಜೆಯೂ ಹೌದೆನ್ನುತ್ತಾನೆ. ಕಡ್ಡಿಗಳು ಮೊದಲಿನಿಂದಲೂ ಹಾಗೆಯೇ ಬೇಯುತ್ತಿವೆ.

ಜಪಾನೀಯರ ಕುಡಿತದ ಕೂಟದಲ್ಲಿ ತನ್ನ ಲೋಟಕ್ಕೆ ತಾನೇ ಸುರಿದುಕೊಳ್ಳದೆ ಪಕ್ಕದವನ ಲೋಟ ತುಂಬುವ ಸೌಜನ್ಯಕ್ಕೆ ‘ಒಶಾಕು’ ಎಂದು ಹೆಸರು. ಈ ಸೌಜನ್ಯದ ಅರ್ಥಶಾಸ್ತ್ರವನ್ನು ಜೋರೆನ್‌ನಷ್ಟು ಬಲ್ಲವರಿಲ್ಲ: ಪಕ್ಕದವನ ಬಾಟಲಿಯನ್ನು ಎರಡೂ ಕೈಗಳಲ್ಲಿ ಭಕ್ತಿಯಿಂದ ಎತ್ತಿ ಪಕ್ಕದವನಿಗೇ ಸುರಿದರೆ, ಋಣ ತೀರಿಸಲು ಆತ ಅದೇ ಬಾಟಲಿಯಿಂದ ಈತನ ಲೋಟವನ್ನೂ ತುಂಬಬೇಕಾಗುತ್ತದೆ. ಈತನ ಸ್ವಂತ ಬಾಟಲಿ ಹಿಂದಿನ ಕಪಾಟಿನಲ್ಲಿ, ಕೊರಳಿಗೆ ಹೆಸರಿನ ಚೀಟಿ ಕಟ್ಟಿಕೊಂಡು, ಕ್ಷೇಮವಾಗಿರುತ್ತದೆ. ಇಡಿಯ ಬಾಟಲಿಯ ಹಣ ಒಮ್ಮೆಗೇ ಕೊಟ್ಟು, ಬಂದಾಗಲೆಲ್ಲ ಅಷ್ಟಷ್ಟು ಕುಡಿಯುವ ಈ ಏರ್ಪಾಡನ್ನು ‘ಬೊತೋರು ಕೀಪು’ ಎನ್ನುತ್ತಾರೆ. ಹೆಚ್ಚಾಗಿ ಅದು ಗೆಣಸಿನಿಂದಲೋ ಬಾರ್ಲಿಯಿಂದಲೋ ಬಟ್ಟಿ ಇಳಿಸಿದ ಶೋಚು. ಆ ಕಪಾಟು ಜೋರೆನ್‌ಗೆ ದಿನಪತ್ರಿಕೆಯೂ ಹೌದು, ಯಾಕೆಂದರೆ ಯಾರ ಬಾಟಲಿಯ ಮಟ್ಟ ದಿಢೀರನೆ ಇಳಿದಿದೆ, ಯಾರದು ತಿಂಗಳಿಂದ ಅಲುಗಿಲ್ಲ ಎಂಬುದನ್ನು ನೋಡಿಯೇ ಆತ ಬಡಾವಣೆಯ ಸಂಸಾರಗಳ ಸ್ಥಿತಿಗತಿಯನ್ನು ನಿರ್ಣಯಿಸಬಲ್ಲ.

ಇಂಥ ಪೀಠಾಧಿಪತಿಯೂ ತಲೆಬಾಗುವುದು ‘ಒಕಾಮಿ’ಗೆ, ಎಂದರೆ ಅಂಗಡಿಯ ಒಡತಿಗೆ. ಆಕೆ ಗದರುವುದಿಲ್ಲ, ಗಡಿಯಾರ ತೋರಿಸುವುದಿಲ್ಲ. ಬಿಸಿ ಚಹಾ ಹೊಯ್ದ ಅನ್ನದ ಬಟ್ಟಲನ್ನು ಮುಗುಳ್ನಗೆಯೊಡನೆ ಆತನ ಮುಂದಿಡುತ್ತಾಳೆ. ಕುಡಿತವನ್ನು ಮುಗಿಸುವ ಈ ಕೊನೆಯ ತುತ್ತಿಗೆ ‘ಶಿಮೆ’ ಎಂದು ಹೆಸರಿದ್ದು, ನಮ್ಮ ಪಂಕ್ತಿಯಲ್ಲಿ ಮಜ್ಜಿಗೆ ಬಂದರೆ ಏನರ್ಥವೋ ಅಲ್ಲಿ ಇದರದೂ ಅದೇ ಅರ್ಥ. ಜೋರೆನ್ ಮರುಮಾತಿಲ್ಲದೆ ಉಂಡು ಏಳುತ್ತಾನೆ.

ಟೋಕಿಯೋಗೆ ಹೋಗುವ ಓದುಗರು ಇಂಥ ಅಂಗಡಿಯನ್ನು ಹೊಕ್ಕಾಗ, ಮೂಲೆಯ ಪೀಠ ಎಷ್ಟೇ ಖಾಲಿಯಾಗಿ ಕಂಡರೂ ದಯವಿಟ್ಟು ಅದರಲ್ಲಿ ಕೂರಬಾರದು.