ಬೈಟು ಮೀಮಾಂಸೆ

ಶಾಸ್ತ್ರ ಯಾವುದೇ ಇರಲಿ, ಮೊದಲು ವಿಷಯ, ಅಧಿಕಾರಿ, ಪ್ರಯೋಜನ ಹೇಳಿಬಿಡಬೇಕೆಂದು ಹಿರಿಯರ ಕಟ್ಟಳೆ. ವಿಷಯ: ಎದುರು ಪಕ್ಷಗಳಿಗೆ ವೋಟು ಹಾಕುವ ಇಬ್ಬರು ದರ್ಶಿನಿಯ ಒಂದೇ ಮೇಜಿಗೆ ಮೊಣಕೈ ಊರಿ, ಒಂದೇ ಕಾಫಿಯನ್ನು ಬೈಟು ಮಾಡಿಕೊಂಡು ಕುಡಿಯುವುದು. ಅಧಿಕಾರಿ: ರಿಟೈರಾದವರು ಉತ್ತಮ, ಆಫೀಸಿಗೆ ಚಕ್ಕರ್ ಹೊಡೆದು ಬಂದವರು ಮಧ್ಯಮ, ಟಿವಿ ಚರ್ಚೆಯಲ್ಲಿ ಕೂತೆದ್ದು ಬಂದವರು ಅನರ್ಹರು. ಪ್ರಯೋಜನ: ಇಲ್ಲ. ಇಲ್ಲಿ ಯಾರೂ ಯಾರ ವೋಟನ್ನೂ ತಿರುಗಿಸಿದ್ದಕ್ಕೆ ದಾಖಲೆಯಿಲ್ಲ. ತಿರುಗಿಸಿಬಿಟ್ಟರೆ ಮರುದಿನ ಮಾತಾಡಲು ಏನಿರುತ್ತದೆ?

ಪೂರ್ವಪಕ್ಷ: ‘ಸ್ನೇಹ ಉಳಿಯಬೇಕಾದರೆ ರಾಜಕೀಯ ಎತ್ತಬಾರದು.’ ಇದು ಸಲ್ಲದು. ರಾಜಕೀಯ ಬಿಟ್ಟರೆ ಉಳಿಯುವುದು ಮಂಡಿನೋವು, ಸೊಸೆ ಮತ್ತು ಸೈಟು. ಮೊದಲನೆಯದರಲ್ಲಿ ಪೈಪೋಟಿ, ಎರಡನೆಯದರಲ್ಲಿ ಚಾಡಿ, ಮೂರನೆಯದರಲ್ಲಿ ಹೊಟ್ಟೆಕಿಚ್ಚು. ಅದಕ್ಕಿಂತ ರಾಜಕೀಯವೇ ಕ್ಷೇಮ.

ಇನ್ನು ಪ್ರತ್ಯಕ್ಷ ಪ್ರಮಾಣ.

‘ಏನ್ ಮೇಷ್ಟ್ರೇ, ನಿಮ್ಮೋರು ಹಾಲಿನ ರೇಟು ಏರಿಸಿದ್ರಲ್ಲ!’

‘ನಿಮ್ಮೋರು ಗ್ಯಾಸ್ ಏರಿಸಿದಾಗ ಎಲ್ಲಿಗೆ ಹೋಗಿದ್ರಿ ಸ್ವಾಮಿ?’

‘ಅದು ಯುದ್ಧದಿಂದ ಏರಿದ್ದು. ತಮ್ಮಾ, ಕಾಫಿಗೆ ಸಕ್ಕರೆ ಹಾಕ್ಬೇಡಪ್ಪಾ, ಮೇಷ್ಟ್ರಿಗೆ ಶುಗರ್ ಇದೆ. ಯುದ್ಧ ಏನ್ ನಮ್ಮೋರು ಮಾಡಿದ್ರಾ?’

ಕಾಫಿ ಒಂದೇ ಆದ್ದರಿಂದ ಶುಗರ್ ಇಲ್ಲದವರೂ ಕಹಿಯನ್ನೇ ಕುಡಿಯಬೇಕು, ಕುಡಿದರು. ಯುದ್ಧದ ನಡುವೆ ಬಂದ ಈ ಸಕ್ಕರೆಯ ಮಾತನ್ನು ಪ್ರಕ್ಷಿಪ್ತವೆಂದು ಕೈಬಿಡುವ ಪಂಡಿತರಿದ್ದಾರು. ನನ್ನ ಪ್ರಕಾರ ಮೂಲಪಾಠ ಅದೊಂದೇ, ಮಿಕ್ಕಿದ್ದೆಲ್ಲ ಪ್ರಕ್ಷಿಪ್ತ.

ಇಷ್ಟಕ್ಕೂ ನಾಯಕರನ್ನು ನಂಬಿ ಮಾತು ಬಿಡುವಂತಿಲ್ಲ. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಎದುರು ಜನತಾ ಪಕ್ಷದಿಂದ ನಿಂತವರು ವೀರೇಂದ್ರ ಪಾಟೀಲರು. 1989ರಲ್ಲಿ ಕಾಂಗ್ರೆಸ್ಸಿನ ಮುಖ್ಯಮಂತ್ರಿಯಾದವರೂ ಅವರೇ. ಪಾಟೀಲರ ಸಲುವಾಗಿ ಠೂ ಬಿಟ್ಟುಕೊಂಡ ಗೆಳೆಯರು ಹನ್ನೊಂದು ವರ್ಷ ಬಿಟ್ಟು ಯಾವ ಮುಖ ಹೊತ್ತು ಮಾತಾಡಿಸಬೇಕು? ಪಕ್ಷದ ಮೇಲೆ ಪಕ್ಷ ಬದಲಿಸಿದ ಬಂಗಾರಪ್ಪನವರ ಅಭಿಮಾನಿಗಳ ಪಾಡಿಗಂತೂ ಪ್ರತ್ಯೇಕ ಸಂಪುಟವೇ ಬೇಕು.

ಕೊನೆಗೆ ಬಿಲ್ಲಿನ ಪ್ರಕರಣ. ಗೆದ್ದ ಪಕ್ಷದವರು ಕೊಡಿಸಬೇಕೆಂಬುದು ಸಾಮಾನ್ಯ ವಿಧಿ. 2023ರಲ್ಲಿ ತೊಡಕಿರಲಿಲ್ಲ, ಕಾಂಗ್ರೆಸ್ಸಿಗೆ 135 ಸೀಟು ಬಂದ ಖುಷಿಗೆ ಮೇಷ್ಟ್ರು ಕೇಸರಿಬಾತನ್ನೂ ಕೊಡಿಸಿದರು (ಬಣ್ಣದ ಬಗ್ಗೆ ಆಕ್ಷೇಪ ಬಂತು, ತಟ್ಟೆ ಮಾತ್ರ ಖಾಲಿಯಾಯಿತು). ತೊಡಕೆಲ್ಲ 2018ರದು. 224ರ ಸಭೆಯಲ್ಲಿ ಬಿಜೆಪಿಗೆ 104. ಮೇ 17ರಂದು ಯಡಿಯೂರಪ್ಪನವರು ಪ್ರಮಾಣವಚನ ತೆಗೆದುಕೊಂಡರು, ಸ್ವಾಮಿಗಳು ಕೊಡಿಸಿದರು. 19ಕ್ಕೆ ರಾಜೀನಾಮೆ, ಸ್ವಾಮಿಗಳು ದುಡ್ಡು ವಾಪಸ್ ಕೇಳಿದರು. ‘ಮುಖ್ಯಮಂತ್ರಿ ಆಗೋರು ನಮ್ಮೋರಲ್ವಲ್ಲ’ ಎಂದು ಮೇಷ್ಟ್ರು ಜೇಬು ಮುಟ್ಟಲಿಲ್ಲ. 23ರಂದು 37 ಸೀಟಿನ ಜೆಡಿಎಸ್‌ನ ಕುಮಾರಸ್ವಾಮಿಯವರು ಗದ್ದುಗೆ ಏರಿದಾಗ ಇಬ್ಬರೂ ಒಟ್ಟಾಗಿ, ಪಕ್ಕದಲ್ಲಿ ತಮ್ಮ ಪಾಡಿಗೆ ಪೇಪರ್ ಓದುತ್ತಿದ್ದ ದಳದವರೊಬ್ಬರನ್ನು ಹಿಡಿದು ನಿಲ್ಲಿಸಿದರು.

ಅವರು ಪೇಪರ್ ಮಡಚಿ, ‘ಅದಕ್ಕೇನಂತೆ, ಒನ್ ಬೈ ತ್ರೀ ಹೇಳಿ. ದುಡ್ಡು ಮೇಷ್ಟ್ರು ಕೊಡ್ತಾರೆ’ ಅಂದರು.