ಪೆನ್ನಿದೋಷ ಮೀಮಾಂಸೆ

ಕವಿರಾಜಮಾರ್ಗದ ಮೊದಲ ಪರಿಚ್ಛೇದವೇ ದೋಷವಿಚಾರಕ್ಕೆ ಮೀಸಲು. ದೋಷವಿದ್ದರೆ ಕಾವ್ಯ ಕೆಡುತ್ತದೆ ಎಂಬುದು ಅಲ್ಲಿಯ ನಿಲುವು. ಅಮೆರಿಕದ ಒಂದು ಸೆಂಟಿನ ನಾಣ್ಯ, ಅಂದರೆ ಪೆನ್ನಿಯ ಹತ್ತಿರ ಬಂದೊಡನೆ ಈ ಸಿದ್ಧಾಂತ ತಲೆಕೆಳಗಾಗುತ್ತದೆ. ನಿರ್ದುಷ್ಟವಾದ ಪೆನ್ನಿಗೆ ಒಂದು ಸೆಂಟು. ದುಷ್ಟವಾದದ್ದಕ್ಕೆ, ದೋಷ ಕುಲೀನವಾಗಿದ್ದರೆ, ಸಾವಿರಾರು ಡಾಲರು. ನಮ್ಮ ಆಲಂಕಾರಿಕರು ಈ ಪ್ರಮೇಯವನ್ನು ಕೈಬಿಟ್ಟದ್ದೇಕೋ! ಬಹುಶಃ ಅವರ ಬಳಿ ಚಿಲ್ಲರೆ ಇರಲಿಲ್ಲ.

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಭೂತಗನ್ನಡಿ, ಗ್ರಾಮಿನ ನೂರನೇ ಒಂದು ಪಾಲನ್ನೂ ತೋರಿಸುವ ತಕ್ಕಡಿ, ಒಂದು ಅಯಸ್ಕಾಂತ ಮತ್ತು ಪ್ರಶ್ನೆ ಕೇಳದ ಮನೆಮಂದಿ, ಈ ನಾಲ್ಕು ಸಾಧನಗಳುಳ್ಳವನು. ಅವನು ಬ್ಯಾಂಕಿಗೆ ಹೋಗಿ 25 ಡಾಲರು ತೆತ್ತು, 50 ಸುರುಳಿಗಳಿರುವ ಪೆಟ್ಟಿಗೆಯನ್ನು ತರುತ್ತಾನೆ. ಒಳಗಿನ 2,500 ಪೆನ್ನಿಗಳನ್ನು ಒಂದೊಂದಾಗಿ ನೋಡಿ, ಬಹುಪಾಲು ಎಲ್ಲವನ್ನೂ ಹಿಂತಿರುಗಿಸುತ್ತಾನೆ. ಬ್ಯಾಂಕಿನವರು ಅವನನ್ನು ನೋಡುವ ನೋಟವೂ ಸಾಧನೆಯ ಅಂಗವೇ.

ಈಗ ದೋಷಗಳ ರಾಜನನ್ನು ವಿಚಾರಿಸೋಣ. ಅದು 1955ರ ಜೋಡಿ ಅಚ್ಚು. ಟಂಕಸಾಲೆಯಲ್ಲಿ ಹಬ್ ಎಂಬ ಉಬ್ಬಚ್ಚನ್ನು ಡೈ ಎಂಬ ಉಕ್ಕಿನ ತುಂಡಿಗೆ ಒತ್ತಿ ತಗ್ಗಚ್ಚು ಮಾಡುತ್ತಿದ್ದರು. ಒಂದೇ ಒತ್ತಿಗೆ ಚಿತ್ರ ಪೂರ್ತಿ ಮೂಡುತ್ತಿರಲಿಲ್ಲ. ಡೈಯನ್ನು ಕಾಯಿಸಿ ಮೆತ್ತಗೆ ಮಾಡಿ ಮತ್ತೊಮ್ಮೆ ಒತ್ತಬೇಕಿತ್ತು. ಫಿಲಡೆಲ್ಫಿಯಾದಲ್ಲಿ ಆ ವರ್ಷ ಎರಡನೆಯ ಒತ್ತು ತುಸು ತಿರುಗಿ ಬಿತ್ತು. ಆ ಡೈಯಿಂದ ಹುಟ್ಟಿದ ಪ್ರತಿ ಪೆನ್ನಿಯಲ್ಲೂ ಇಸವಿ ಎರಡು ಸಲ, ಲಿಬರ್ಟಿ ಎಂಬ ಸ್ವಾತಂತ್ರ್ಯ ಎರಡು ಸಲ. ಗೊತ್ತಾಗುವ ಹೊತ್ತಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ದೋಷಿಗಳು ನಿರ್ದೋಷಿಗಳ ರಾಶಿಯಲ್ಲಿ ಬೆರೆತಿದ್ದವು. ಅಧಿಕಾರಿಗಳು ಹೆಕ್ಕುವ ಗೋಜಿಗೆ ಹೋಗದೆ ಎಲ್ಲವನ್ನೂ ಹೊರಗೆ ಬಿಟ್ಟರು. ಆಗ ಯಂತ್ರಕ್ಕೆ 25 ಸೆಂಟಿನ ನಾಣ್ಯ ಹಾಕಿದರೆ 23 ಸೆಂಟಿನ ಸಿಗರೇಟು ಪ್ಯಾಕು ಬರುತ್ತಿತ್ತು. ಉಳಿದ ಎರಡು ಪೆನ್ನಿ ಅದರ ಪಾರದರ್ಶಕ ಹೊದಿಕೆಯೊಳಗೇ ಇರುತ್ತಿದ್ದವು. ಹೀಗೆ ಈ ಪೆನ್ನಿಗಳಲ್ಲಿ ಹಲವು ಧೂಮಪಾನಿಗಳ ಕೈಸೇರಿದವು. ಆ ಚಟದಿಂದ ಯಾರಿಗಾದರೂ ಒಳಿತಾದ ಬೇರೆ ಉದಾಹರಣೆ ಈ ಪ್ರಬಂಧಕಾರನ ಗಮನಕ್ಕೆ ಬಂದಿಲ್ಲ.

ಪಾಠಾಂತರಗಳ ವಿಷಯ. 1922ರಲ್ಲಿ ಪೆನ್ನಿ ಅಚ್ಚಾದದ್ದು ಡೆನ್ವರಿನಲ್ಲಿ ಮಾತ್ರ, ಆದ್ದರಿಂದ ಎಲ್ಲದರ ಮೇಲೂ ಆ ಊರಿನ ಗುರುತಾದ ಡಿ ಅಕ್ಷರವಿರಬೇಕು. ಕೆಲವುಗಳಲ್ಲಿ ಅದು ಲೋಪ: ಗ್ರಂಥಪಾತ. ಲಿಬರ್ಟಿ ಪದದ ಬಿ ಮತ್ತು ಇ ಅಕ್ಷರಗಳ ನಡುವೆ ಡೈ ಬಿರಿದು ಒಂದು ಐ ಮೂಡುವುದುಂಟು: ಇದು ಪ್ರಕ್ಷಿಪ್ತ, ಬೆಲೆಯೂ ಅಷ್ಟಕ್ಕಷ್ಟೆ. ಇನ್ನು ಹಿಂಬದಿಯಲ್ಲಿ, ಅಮೆರಿಕ ಎಂಬಲ್ಲಿ, ಎ ಮತ್ತು ಎಂ ಅಕ್ಷರಗಳ ಪಾದಗಳು ತಾಗಿವೆಯೇ ಬಿಟ್ಟಿವೆಯೇ ಎಂಬ ಮಹಾವಿವಾದ. 1992ರಲ್ಲಿ ದ್ವೈತ ಸಾಮಾನ್ಯ, ಅದ್ವೈತ ದುರ್ಲಭ. 1999ರಲ್ಲಿ ಅದ್ವೈತ ಸಾಮಾನ್ಯ, ದ್ವೈತ ದುರ್ಲಭ. ಉಡುಪಿ, ಶೃಂಗೇರಿ ಎರಡೂ ಕಡೆಯವರು ತೃಪ್ತರಾಗಿ ಏಳಬಹುದಾದ ಚರ್ಚೆ ಇದೊಂದೇ ಇರಬೇಕು.

ಪ್ರಮಾಣಗಳಲ್ಲಿ ಪ್ರತ್ಯಕ್ಷಕ್ಕಿಂತ ಅಯಸ್ಕಾಂತ ಬಲವತ್ತರ. ಯುದ್ಧಕ್ಕೆ ತಾಮ್ರ ಬೇಕಾಗಿ 1943ರ ಪೆನ್ನಿಗಳನ್ನು ಸತು ಲೇಪಿಸಿದ ಉಕ್ಕಿನಲ್ಲಿ ಮಾಡಿದರು. ಬೆರಳೆಣಿಕೆಯ ಕೆಲವು ಮಾತ್ರ ಹಳೆಯ ಕಂಚಿನ ಬಿಲ್ಲೆಗಳ ಮೇಲೆ ಅಚ್ಚಾದವು. ಇಂಥದೊಂದನ್ನು ತಂದವರಿಗೆ ಹೆನ್ರಿ ಫೋರ್ಡ್ ಕಾರು ಕೊಡುತ್ತಾನೆಂದು ವದಂತಿ ಹಬ್ಬಿತ್ತು. ಅದು ಸುಳ್ಳು, ಆದರೆ ಆ ಭರವಸೆಯಲ್ಲಿ ಉಕ್ಕಿಗೆ ತಾಮ್ರ ಲೇಪಿಸಿದವರೂ, 1948ರ ಎಂಟನ್ನು ಕೆತ್ತಿ ಮೂರಾಗಿಸಿದವರೂ ಧಾರಾಳ. ಅಯಸ್ಕಾಂತ ಮೊದಲನೆಯ ಪಂಗಡವನ್ನು ಹಿಡಿದುಕೊಡುತ್ತದೆ. ಎರಡನೆಯದಕ್ಕೆ ಭೂತಗನ್ನಡಿಯೇ ಬೇಕು.

ಇಲ್ಲಿ ಪೂರ್ವಪಕ್ಷಿ ಏಳುತ್ತಾನೆ: “ನನ್ನ ಪೆನ್ನಿಯಲ್ಲೂ ಇಸವಿ ಎರಡೆರಡಾಗಿ ಕಾಣುತ್ತದಲ್ಲ!” ಅಯ್ಯಾ, ಅದು ಅಚ್ಚು ಹೊಡೆಯುವಾಗ ಡೈ ಅಲುಗಿದ್ದು, ಅಕ್ಷರದ ಪಕ್ಕ ಚಪ್ಪಟೆ ಮೆಟ್ಟಿಲು ಕಾಣುತ್ತಿದೆ ನೋಡು. ಅದರ ಬೆಲೆ ಒಂದು ಸೆಂಟು. “ಮೇಲೆ ಗುಳ್ಳೆ ಎದ್ದಿವೆಯಲ್ಲ?” 1982ರ ನಡುವೆ ಕಂಚು ಬಿಟ್ಟು, 3.11 ಗ್ರಾಮಿನದನ್ನು 2.5 ಗ್ರಾಮಿಗೆ ಇಳಿಸಿ, ಸತುವಿಗೆ ತಾಮ್ರದ ತೆಳು ಲೇಪ ಕೊಟ್ಟರು. ಗುಳ್ಳೆ ಅದರ ಫಲ. ಒಂದು ಸೆಂಟು. “ಕಾರಿನ ಚಕ್ರಕ್ಕೆ ಸಿಕ್ಕಿ ಪೆನ್ನಿಯ ಮೇಲಿನ ಲಿಂಕನ್ನನ ಮೂಗೇ ಹೋಗಿದೆ.” ಒಂದು ಸೆಂಟು, ಅದೂ ಅಂಗಡಿಯವನು ಒಪ್ಪಿದರೆ. ಹೀಗೆ ಸಿದ್ಧಾಂತ: ಮೂಲದ ಅಚ್ಚೇ ತಪ್ಪಿದ್ದರೆ ಅದು ನಿಧಿ, ಹೊಡೆಯುವ ಕೈ ನಡುಗಿದ್ದರೆ ಕಸ, ಪ್ರಜೆಯ ಕೈಯಲ್ಲಿ ಕೆಟ್ಟರೆ ಅಪರಾಧ. ಸರಕಾರಿ ಕಚೇರಿಯಲ್ಲಿ ಸೇವೆ ಸಲ್ಲಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪೆನ್ನಿಯ ಮಹಾದೋಷವನ್ನು ಮಾತ್ರ ಸಂಗ್ರಾಹಕರು ಲೆಕ್ಕಕ್ಕೆ ಹಿಡಿಯಲಿಲ್ಲ. 2024ರ ಹಣಕಾಸು ವರ್ಷದಲ್ಲಿ ಒಂದು ಸೆಂಟನ್ನು ಮಾಡಲು 3.69 ಸೆಂಟು ಖರ್ಚಾಗುತ್ತಿತ್ತು. ಎಲ್ಲ ಪೆನ್ನಿಗಳಲ್ಲೂ ಇದ್ದ ದೋಷವಾದ್ದರಿಂದ ಅದಕ್ಕೆ ಮಾರುಕಟ್ಟೆಯಿರಲಿಲ್ಲ. 2025ರ ನವೆಂಬರ್ 12ರಂದು ಫಿಲಡೆಲ್ಫಿಯಾದಲ್ಲಿ ಚಲಾವಣೆಯ ಕೊನೆಯ ಪೆನ್ನಿಗಳನ್ನು ಅಚ್ಚು ಹಾಕಿ ನಿಲ್ಲಿಸಿದರು.

ಆದ್ದರಿಂದ ಅಮೆರಿಕದ ಮಕ್ಕಳ ಮನೆಗೆ ಆರು ತಿಂಗಳ ಮಟ್ಟಿಗೆ ಹೋಗುವ ಅಪ್ಪ ಅಮ್ಮಂದಿರಲ್ಲಿ ಒಂದು ಅರಿಕೆ. ಅಡುಗೆಮನೆಯ ಮೂಲೆಯಲ್ಲಿ ಕಪ್ಪಿಟ್ಟ ಪೆನ್ನಿಗಳ ಜಾಡಿ ಕಂಡರೆ, ತಾಮ್ರವಲ್ಲವೇ ಎಂದು ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಬೇಡಿ. ಬೆಳಗಿದ ನಾಣ್ಯವನ್ನು ಸಂಗ್ರಾಹಕರು ಮೂಸಿಯೂ ನೋಡುವುದಿಲ್ಲ.