ಡೆಮೊ ವಿಡಿಯೋ ಮೀಮಾಂಸೆ: ಮೈಸೂರನ್ನು ಅನುಲಕ್ಷಿಸಿ ಒಂದು ಬಹುಶಿಸ್ತೀಯ ಅಧ್ಯಯನ

ಪ್ರಸ್ತಾವನೆ

ಪ್ರಸ್ತುತ ಪ್ರಬಂಧವು ಸಾಫ್ಟ್‌ವೇರ್ ಹಾಗೂ ಜಾಲತಾಣಗಳ ಪ್ರಚಾರಾರ್ಥ ನಿರ್ಮಿತವಾಗುವ ತೊಂಬತ್ತು ಸೆಕೆಂಡಿನ ದೃಶ್ಯ-ಶ್ರಾವ್ಯ ಪಠ್ಯವನ್ನು (ಇನ್ನು ಮುಂದೆ ‘ಡೆಮೊ’) ತಾತ್ತ್ವಿಕ, ರಾಚನಿಕ, ಸಾಮಾಜಿಕ ಮತ್ತು ಸಾಧ್ಯವಾದರೆ ಅರ್ಥವಾಗುವ ನೆಲೆಗಳಲ್ಲಿ ಶೋಧಿಸುವ ವಿನಮ್ರ ಯತ್ನವಾಗಿದೆ. ಅಧ್ಯಯನದ ವ್ಯಾಪ್ತಿ: ಒಂದು ತುದಿಗೆ ಹೆಬ್ಬಾಳ ಕೈಗಾರಿಕಾ ಪ್ರದೇಶ, ಇನ್ನೊಂದು ತುದಿಗೆ ಕುವೆಂಪುನಗರದ ಬಾಡಿಗೆ ಕೋಣೆಗಳು. ಅಧ್ಯಯನದ ಮಿತಿ: ಸಂಶೋಧಕನ ತಾಳ್ಮೆ.

ಲಕ್ಷಣಸೂತ್ರ: ಇಲ್ಲದ್ದನ್ನು ಇದೆಯೆಂಬಂತೆ ತೋರಿಸುವುದೇ ಡೆಮೊ. ಅದ್ವೈತಿಗಳ ರಜ್ಜುಸರ್ಪ ನ್ಯಾಯ ಇಲ್ಲಿ ಒದಗದು. ಮಬ್ಬಿನಲ್ಲಿ ಹಾವಾಗಿ ಕಾಣಲು ಅಲ್ಲಿ ಕಡೇಪಕ್ಷ ಒಂದು ಹಗ್ಗವಾದರೂ ಬಿದ್ದಿರುತ್ತದೆ. ಇಲ್ಲಿ ಹಗ್ಗ ಮುಂದಿನ ತ್ರೈಮಾಸಿಕದಲ್ಲಿ ಬಿಡುಗಡೆಯಾಗಲಿದೆ.

ಪೂರ್ವಸೂರಿಗಳು

ಆದಿ ಡೆಮೊಕಾರ ಡಗ್ಲಸ್ ಎಂಗೆಲ್‌ಬಾರ್ಟ್. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೊಂಬತ್ತು ನಿಮಿಷ ಸಭಿಕರೆದುರು ಕುಳಿತು ಮೌಸ್, ಪಠ್ಯದ ಕೊಂಡಿ, ದೂರದ ಸಹೋದ್ಯೋಗಿಯ ಮುಖ ನೋಡುತ್ತಲೇ ಮಾತಾಡುವ ವ್ಯವಸ್ಥೆ ಎಲ್ಲವನ್ನೂ ತೋರಿಸಿದ. ದುರದೃಷ್ಟವಶಾತ್ ಅವೆಲ್ಲ ನಿಜವಾಗಿಯೂ ಕೆಲಸ ಮಾಡುತ್ತಿದ್ದವು. ಹೀಗಾಗಿ ಈ ಪರಂಪರೆಯಲ್ಲಿ ಅವನನ್ನು ಅಪವಾದವೆಂದೇ ಗಣಿಸತಕ್ಕದ್ದು. ಮಧ್ಯಮ ಘಟ್ಟದ ಡ್ರಾಪ್‌ಬಾಕ್ಸ್ 2008ರಲ್ಲಿ ಸಾರ್ವಜನಿಕರಿಗೆ ಸಿಗುವ ಮೊದಲೇ ಒಂದು ವಿಡಿಯೋ ಹರಿಯಬಿಟ್ಟಿತು. ಕಾಯುವವರ ಪಟ್ಟಿ 5,000ದಿಂದ 75,000ಕ್ಕೆ ನೆಗೆಯಿತು. ಪಟ್ಟಿ ಬೆಳೆಸಲು ಸರಕು ಕೈಗೆ ಸಿಗಬೇಕಾಗಿಲ್ಲ ಎಂಬ ಮಹಾದರ್ಶನ ಮನುಕುಲಕ್ಕೆ ಆದದ್ದು ಆಗಲೇ. ಇನ್ನು ನವ್ಯೋತ್ತರ ಘಟ್ಟ: 2023ರ ಡಿಸೆಂಬರ್‌ನಲ್ಲಿ ಗೂಗಲ್ ತನ್ನ ಕೃತಕ ಬುದ್ಧಿಮತ್ತೆ ಜೆಮಿನಿಯ ವಿಡಿಯೋದಲ್ಲಿ ಯಂತ್ರ ನೋಡನೋಡುತ್ತಲೇ ಹರಟುವಂತೆ ತೋರಿಸಿತು. ಆಮೇಲೆ ನೋಡಿದರೆ ಯಂತ್ರಕ್ಕೆ ಕೊಟ್ಟದ್ದು ಸ್ಥಿರಚಿತ್ರ ಮತ್ತು ಬರೆದ ಪ್ರಶ್ನೆಗಳನ್ನಂತೆ. ದನಿಯನ್ನು ಸೇರಿಸಿದ್ದು ನಂತರ.

ಮೈಸೂರಿನ ಮಟ್ಟಿಗೆ ಡೆಮೊ ಪ್ರಜ್ಞೆ ತಡವಾಗಿ ಮೂಡಿತೆಂದು ಖೇದದಿಂದ ದಾಖಲಿಸಬೇಕಿದೆ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ 30 ವಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ನೇರವಾಗಿ ಬಾನುಲಿ ಪ್ರಸಾರವನ್ನೇ ಶುರುಮಾಡಿಬಿಟ್ಟರು. ‘ಶೀಘ್ರದಲ್ಲಿ ನಿರೀಕ್ಷಿಸಿ’ ಎಂಬ ಒಂದು ಫಲಕವೂ ಇಲ್ಲ. ಮಾರುಕಟ್ಟೆಯ ಸೂಕ್ಷ್ಮ ತಿಳಿಯದ ಮನುಷ್ಯ.

ನವಾಂಗ ನಿರೂಪಣೆ

ಡೆಮೊಗೆ ಒಂಬತ್ತು ಅಂಗಗಳು.

ಪ್ರಥಮಾಂಗ, ನಾದ: ಯುಕುಲೇಲೆ, ಜೊತೆಗೆ ಚಪ್ಪಾಳೆ. ಸರಕು ತೆರಿಗೆ ಲೆಕ್ಕದ್ದಿರಲಿ, ಶವಾಗಾರದ ನಿರ್ವಹಣೆಯದ್ದಿರಲಿ, ಇದೇ ನಾದ.

ದ್ವಿತೀಯಾಂಗ, ಪಾತ್ರ: ನೇರಳೆ ಬಣ್ಣದ, ಮೂಗಿಲ್ಲದ, ಮೊಣಕೈಯಲ್ಲಿ ಮೂಳೆಯಿಲ್ಲದ ಮನುಷ್ಯರು. ಇವರಿಗೆ ಮೊದಲು ‘ಸಮಸ್ಯೆ’ ಇರುತ್ತದೆ, ಇಪ್ಪತ್ತನೇ ಸೆಕೆಂಡಿಗೆ ನಗುತ್ತಾರೆ.

ತೃತೀಯಾಂಗ, ಸ್ಥಳಪುರಾಣ: ಭಾನುವಾರ ಸಂಜೆ ದೀಪ ಹತ್ತಿದ ಅರಮನೆ, ನಂತರ ಬೆಟ್ಟದ ನಂದಿ, ನಂತರ ಬಿಲ್ಲಿಂಗ್ ಸಾಫ್ಟ್‌ವೇರ್. ನಂದಿಗೂ ಇನ್‌ವಾಯ್ಸಿಗೂ ಇರುವ ಅವಿನಾಭಾವ ಸಂಬಂಧವನ್ನು ಮುಂದಿನ ಸಂಶೋಧಕರು ಬೆಳಕಿಗೆ ತರಬೇಕು.

ಚತುರ್ಥಾಂಗದಿಂದ ನವಮಾಂಗದವರೆಗಿನದನ್ನು ಓದುಗರೇ ಊಹಿಸಿಕೊಳ್ಳಿ. ಎಲ್ಲವೂ ಹೀಗೇ ಇರುತ್ತವೆ, ಬರೆಯಲು ಬೇಜಾರು.

ಕಾಲಸಂರಕ್ಷಣಾ ನಿಯಮ

ಅಸಲಿ ವಿಷಯ ಇಲ್ಲಿದೆ. ಈ ಪ್ರಬಂಧಕಾರ ಹೊಟ್ಟೆಪಾಡಿಗೆ ಇಂಥ ವಿಡಿಯೋಗಳ ಕನ್ನಡ ಸ್ಕ್ರಿಪ್ಟ್ ಬರೆದುಕೊಡುವವನು. ಎಡಿಟರ್ ಹುಡುಗನ ಪಕ್ಕ ಕುಳಿತು ಬಹಳ ನೋಡಿದ್ದೇನೆ. ಸ್ಕ್ರೀನ್ ರೆಕಾರ್ಡಿಂಗಿನಲ್ಲಿ ‘ಸಲ್ಲಿಸಿ’ ಗುಂಡಿ ಒತ್ತಿದ ಮೇಲೆ ಒಂದು ಚಕ್ರ ಸುತ್ತತೊಡಗುತ್ತದೆ. ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ. ಹುಡುಗ ಟೈಮ್‌ಲೈನಿನಲ್ಲಿ ಚಕ್ರ ಹುಟ್ಟುವ ಕಡೆ ಒಂದು ಕಟ್, ಸಾಯುವ ಕಡೆ ಒಂದು ಕಟ್ ಹಾಕಿ ನಡುವಿನದನ್ನು ಅಳಿಸುತ್ತಾನೆ. ಎರಡೂ ತುದಿಗಳು ತಾವಾಗಿ ಬಂದು ಕೂಡಿಕೊಳ್ಳುತ್ತವೆ. ಮೇಲೊಂದು ‘ಟಿಂಗ್’, ಹಸಿರು ಸರಿ ಗುರುತು. ಆಗ ನನ್ನ ಸಾಲು ಬರುತ್ತದೆ: “ಕ್ಷಣಾರ್ಧದಲ್ಲಿ ನಿಮ್ಮ ಕೆಲಸ ಪೂರ್ಣ!”

ನಿಯಮವೇನೆಂದರೆ, ಹೀಗೆ ಕತ್ತರಿಸಿದ ಸೆಕೆಂಡುಗಳು ನಾಶವಾಗುವುದಿಲ್ಲ, ಸ್ಥಳಾಂತರಗೊಳ್ಳುತ್ತವೆ. ಅವನ್ನು ಅಗ್ರಹಾರದ ಯಾವುದೇ ಸೈಬರ್ ಸೆಂಟರಿನಲ್ಲಿ ಕಾಣಬಹುದು. ಬೆಳಗ್ಗೆ ಹತ್ತೂವರೆಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಮಡಿಲಲ್ಲಿ ದಾಖಲೆಗಳ ಕವರ್ ಇಟ್ಟುಕೊಂಡು ಕೂತಿರುತ್ತವೆ.

“ಅಮ್ಮ, ಓಟಿಪಿ ಬಂತಾ?”

“ಬಂದಿತ್ತು ಕಣಪ್ಪ, ನೀ ಕೇಳೋ ಹೊತ್ಗೆ ಟೈಮ್ ಆಗೋಯ್ತು ಅಂತಿದೆ.”

“ಸರ್ವರ್ ಬ್ಯುಸಿ ಅಮ್ಮ. ಊಟ ಮಾಡ್ಕೊಂಡು ಬನ್ನಿ.”

“ಟೀವೀಲಿ ತೋರ್ಸುವಾಗ ಹಿಂಗಿರ್ಲಿಲ್ವಲ್ಲಪ್ಪ?”

ಇರಲಿಲ್ಲ ತಾಯಿ. ತೋರಿಸುವಾಗ ಹೀಗಿರಲಿಲ್ಲ. ‘ಕ್ಷಣಾರ್ಧದಲ್ಲಿ’ ಅಂತ ಬರೆದು ದುಡ್ಡು ಎಣಿಸಿಕೊಂಡವನು ನಿಮ್ಮ ಪಕ್ಕದ ಕುರ್ಚಿಯಲ್ಲೇ ಝೆರಾಕ್ಸಿಗೆ ಕಾಯುತ್ತ ಕೂತಿದ್ದ.

ಭಾಷಾಶಾಸ್ತ್ರೀಯ ಅನುಬಂಧ

ಸಿಟ್ಟು ಬಂದದ್ದಕ್ಕೆ ಕ್ಷಮೆಯಿರಲಿ, ಶಾಸ್ತ್ರಕ್ಕೆ ಮರಳೋಣ. ಇಂಗ್ಲಿಷ್ ಆವೃತ್ತಿ ಮೊದಲು, ಹಿಂದಿ ನಂತರ, ಬಜೆಟ್ ಮುಗಿದ ಸಂಜೆ ಕನ್ನಡ. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಭಾರತೀಯ ಲಿಪಿಗಳ ಆಯ್ಕೆ ಹಾಕದೆ ಕನ್ನಡ ಅಂಟಿಸಿದರೆ ಒತ್ತಕ್ಷರಗಳು ಕಳಚಿ ಬೀಳುತ್ತವೆ. ‘ಸ್ವಾಗತ’ದ ಒತ್ತು ಕಾಲಡಿಯಿಂದ ಎದ್ದು ಪಕ್ಕಕ್ಕೆ ಬಂದು ನಿಲ್ಲುತ್ತದೆ. ಪ್ರೀಮಿಯರ್ ಎಂಬ ಸಾಫ್ಟ್‌ವೇರಿನಲ್ಲಿ ಆ ಆಯ್ಕೆ ಪ್ರಿಫರೆನ್ಸಿನ ಒಳಗೆ ಕೂತಿದೆ, ಒಮ್ಮೆ ಹಾಕಿದರೆ ಮುಗಿಯಿತು. ಅದು ಗೊತ್ತಿಲ್ಲದವರು ‘ನುಡಿ’ ತಂತ್ರಾಂಶದ ಹಳೇ ಫಾಂಟಿಗೆ ಬದಲಿಸಿಕೊಂಡು ಅಂಟಿಸುತ್ತಾರೆ. ಕೊನೇ ಗಳಿಗೆಯಲ್ಲಿ ಯಾರೋ ಫಾಂಟ್ ಬದಲಾಯಿಸಿದರೋ, ಇಡೀ ಸಾಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಕಸವಾಗುತ್ತದೆ. ಒಮ್ಮೆ ಹಾಗೇ ಹೊರಗೂ ಹೋಯಿತು. ಸಂಬಂಧಪಟ್ಟವರು ಯಾರೂ ದೂರಲಿಲ್ಲ. ದೂರಬೇಕಾದರೆ ಮೊದಲು ಯಾರಾದರೂ ಅದನ್ನು ಓದಬೇಕಿತ್ತಲ್ಲ. ಅದೂ ಎಂಥ ಊರಿನಲ್ಲಿ ಅಂತೀರಿ: ರಂಗಾಯಣದ ನಾಟಕಗಳನ್ನು ಟಿಕೆಟ್ ಕೊಂಡು ನೋಡಿ, ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ಸಾಲುಗಳ ನಡುವೆ ಗೊಣಗುವ ಊರು ಇದು.

ಶಿಫಾರಸು

ಡೆಮೊಗಳನ್ನು ಇನ್ನು ಮೇಲೆ ಆ ಸೈಬರ್ ಸೆಂಟರಿನಲ್ಲೇ, ಸೋಮವಾರ ಬೆಳಗ್ಗೆ, ಅರ್ಜಿ ಹಾಕಲು ಬಂದವರ ಕೈಯಲ್ಲೇ ಗುಂಡಿ ಒತ್ತಿಸಿ ಚಿತ್ರೀಕರಿಸತಕ್ಕದ್ದು. ಸರ್ವರ್ ಬಿದ್ದರೆ ಬಿದ್ದದ್ದನ್ನೂ ತೋರಿಸತಕ್ಕದ್ದು. ಒಂದೂ ಕಟ್ ಕೂಡದು. ಸಾಫ್ಟ್‌ವೇರ್ ಕಟ್ಟಿದವರು ಅದನ್ನು ಪೂರ್ತಿ, ಫಾಸ್ಟ್ ಫಾರ್ವರ್ಡ್ ಮಾಡದೆ ನೋಡತಕ್ಕದ್ದು.

ಈ ಶಿಫಾರಸನ್ನು ಎಡಿಟರ್ ಹುಡುಗನ ಮುಂದಿಟ್ಟೆ. ಅವನು ಕಿವಿಯ ಹೆಡ್‌ಫೋನ್ ಒಂದು ಕಡೆ ಸರಿಸಿ ಗಂಭೀರವಾಗಿಯೇ ಕೇಳಿಸಿಕೊಂಡ. “ಮಾಡಾಣ ಸಾರ್, ತೊಂದ್ರೆ ಇಲ್ಲ. ಎರಡು ಗಂಟೆ ಫುಟೇಜ್ ಆಗತ್ತೆ. ಆದ್ರೆ ಕ್ಲೈಂಟ್ ಕೊನೆಗೆ ತೊಂಬತ್ತು ಸೆಕೆಂಡ್‌ಗೆ ಇಳ್ಸಿ ಅಂತಾನೇ ಅಂತಾರೆ. ಏನೇನ್ ತೆಗೀಬೇಕು ಅಂತ ಈಗ್ಲೇ ಹೇಳ್ಬಿಡಿ, ಟೈಮ್ ಉಳಿಯತ್ತೆ.”